ಫಕ್ಕೀರವ್ವನ ಇಪ್ಪತ್ತೆರಡು ಗೆರೆ

ಅಬಲೂರಿನ ಫಕ್ಕೀರವ್ವನ ಮುತ್ತಜ್ಜ ಗುರುಶಾಂತಪ್ಪ ಹಾನಗಲ್ಲ ಅಡವಿಯಿಂದ ತೇಗದ ತೊಲೆಯನ್ನು ಹೆಗಲ ಮೇಲೆ ಹೊತ್ತು ತಂದವನು. ದಾರಿಯಲ್ಲಿ ಎಲ್ಲಿಯೂ ಇಳಿಸಲಿಲ್ಲವಂತೆ. ಇಳಿಸಿದರೆ ಮತ್ತೆ ಎತ್ತಿಕೊಡುವವರು ಬೇಕಲ್ಲ! ಅಜ್ಜಿ ಮಂಜವ್ವ, ಸವಣೂರಿಗೆ ಹೊರಟ ಮದುವೆ ದಿಬ್ಬಣ ಮಳೆಗೆ ಸಿಕ್ಕಿ ಬಾಗಿಲಿಗೆ ಬಂದಾಗ, ಅರವತ್ತು ಮಂದಿಗೆ ರೊಟ್ಟಿ ಬಡಿದು ಹಾಕಿದಳು. ಅಪ್ಪ ಚನ್ನವೀರಪ್ಪ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತದೆಯೇ ಕಣ್ಣು ಮುಚ್ಚಿದ. ಇಂಥ ಬೇರಿನ ಗಿಡ ಬಾಗೀತೆ?

ಫಕ್ಕೀರವ್ವ ರೊಟ್ಟಿ ಬಡಿಯಲು ಕುಳಿತರೆ ಹಲಗೆ ಹಾಡುತ್ತಿತ್ತು. ಒಂದು ರೊಟ್ಟಿ ಹಂಚಿನ ಮೇಲೆ, ಒಂದು ಕೆಂಡದ ಮುಂದೆ, ಒಂದು ಅಂಗೈಯಲ್ಲಿ. ಸುತ್ತಲ ಯಾವ ಮನೆಯ ಮದುವೆಯಾದರೂ ಅವಳಿಗೆ ಕರೆ. ಕೂಲಿ ಕೊಡಹೋದರೆ “ಮುಯ್ಯಿ ಇರ್ಲಿ” ಎನ್ನುವಳು. ಮುಯ್ಯಿ ಎಂದರೆ ಇಂದು ನಿನಗೆ ನನ್ನ ಮೈದುಡಿಮೆ, ನಾಳೆ ನನಗೆ ನಿನ್ನದು. ಮನೆಗೆ ಬಂದವಳೇ ಒಲೆಯ ಹಿಂದಿನ ಗೋಡೆಯ ಮೇಲೆ ದಿನಕ್ಕೊಂದರಂತೆ ಇದ್ದಿಲ ಗೆರೆ ಎಳೆಯುವಳು. ಗೋಡೆ ಕಟ್ಟುವ ಗೌಂಡಿ ಮೌಲಾಸಾಬನ ಗೆರೆಯ ಪಕ್ಕ ಕರಣಿಯ ಚಿತ್ರ, ಬಡಿಗೇರ ಮಾನಪ್ಪನದಕ್ಕೆ ಬಾಚಿ, ಗಾಡಿಯವನದಕ್ಕೆ ಗಾಲಿ.

ಮೂವತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಅವಳಿಗೆ ಅಡಿಗೆಮನೆ ದೊಡ್ಡದು ಮಾಡುವ ಹುಕಿ ಬಂತು. ಇದ್ದ ಅಡಿಗೆಮನೆಯಲ್ಲಿ ಸೊಸೆ ಮಾದೇವಿ ಒಳಗೆ ಬಂದರೆ ಅತ್ತೆ ಹೊರಗೆ ಹೋಗಬೇಕಿತ್ತು. ಮಣ್ಣಿನ ಮಾಳಿಗೆ ಇಳಿಸಿ ಮಂಗಳೂರು ಹೆಂಚು ಹೊದಿಸುವುದೆಂದಾಯಿತು. ಒಂದು ಎಮ್ಮೆ ಮಾರಿದಳು, ನಲವತ್ತೈದು ರೂಪಾಯಿ ಬಂತು. ಮೂವತ್ತು ಹೆಂಚಿಗೆ, ಹದಿನೈದು ಮರಕ್ಕೆ. ಆಳಿಗೆ ಒಂದು ದುಗ್ಗಾಣಿಯೂ ಉಳಿಯಲಿಲ್ಲ.

“ಅತ್ತಿ, ರೊಕ್ಕ ಇಲ್ದ ಗೌಂಡಿ ಬರ್ತಾನೇನ್ರಿ?” ಎಂದಳು ಮಾದೇವಿ.

“ಗ್ವಾಡಿ ನೋಡವಾ. ಇಪ್ಪತ್ತೆರಡು ಆಳು ಅಲ್ಲಿ ನಿಂತಾವ.”

ಮಾಳಿಗೆ ಇಳಿಸಿಯಾಯಿತು. ಮರುದಿನ ಫಕ್ಕೀರವ್ವ ಹೆಂಚು ತರಲು ಗಾಡಿ ಕಟ್ಟಿಸಿಕೊಂಡು ಹಿರೇಕೆರೂರಿಗೆ ಹೋದಳು. ತಿರುಗಿ ಬಂದರೆ ಮೌಲಾಸಾಬ ಧೂಳಿನಲ್ಲಿ ಮಿಂದು ನಗುತ್ತ ನಿಂತಿದ್ದ. ಎಷ್ಟು ಚುರುಕು! ಒಲೆಯ ಹಿಂದಿನ ಗೋಡೆಯನ್ನೇ ಮೊದಲು ಕೆಡವಿದ್ದ.

“ಅಯ್ಯ ನಿನ್ನ! ನನ್ನ ಲೆಕ್ಕ ಎಲ್ಲೋ ಮೌಲಾ?”

“ಇಲ್ಲೇ ಐತ್ರಿ ಯವ್ವಾ, ಬುಟ್ಟ್ಯಾಗ!”

ಮಾದೇವಿ ಬುಟ್ಟಿ ಸುರುವಿ ಹೆಂಟೆಗೆ ಹೆಂಟೆ ಜೋಡಿಸಿದಳು. ಸಂಜೆಯ ಹೊತ್ತಿಗೆ ಕೂಡಿಬಂದದ್ದು ಒಂದೂವರೆ ಗಾಲಿ. ರೋಹಿಣಿ ಮಳೆಗೆ ಎಂಟೇ ದಿನ. ಒಲೆಯ ಮೇಲೆ ಬರೀ ಆಕಾಶ. ಫಕ್ಕೀರವ್ವನಿಗೇನೋ ಎಲ್ಲ ನೆನಪಿತ್ತು. ಆದರೆ “ಇಲ್ಲ” ಎಂದವನ ಮುಂದೆ ಹಿಡಿಯಲು ಸಾಕ್ಷಿ ಇರಲಿಲ್ಲ.

ಸುದ್ದಿ ಊರಿಗೆ ಹಬ್ಬಿತು. ಬೆಳಗಾಗುವುದೇ ತಡ, ಅಂಗಳ ತುಂಬ ಜನ. ಬಿದ್ದ ಗೋಡೆಯ ಮರೆಯಲ್ಲಿ ಫಕ್ಕೀರವ್ವನ ರೊಟ್ಟಿ ನುಂಗಿದ ಎನ್ನಿಸಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ಒಬ್ಬರಿಗಿಂತ ಒಬ್ಬರು ಹೆಚ್ಚು ಹೇಳತೊಡಗಿದರು. ಗೌಂಡಿಯ ಹೆಂಡತಿ ಮಾಸೂಮಾ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು.

“ನಮ್ಮ ನಾದಿನಿ ಲಗ್ನದಾಗ ಮೂರು ದಿನ ಬಡದೀರಿ ಯಕ್ಕಾ. ಇಂವಾ ಮೂರು ದಿನ ದುಡೀಲಿ!”

“ಎರಡ ದಿನ. ಮೂರನೇ ದಿನ ಬರೇ ಉಂಡು ಬಂದೇನಿ.”

“ನನ್ನ ಆಣಿ ಮೂರು!”

“ನಿನ್ನ ಗಂಡನ್ನ ಬಿಟ್ಟಿ ದುಡಸಾಕ ಎಷ್ಟು ಅವಸರ ಮಾಡ್ತೀಯ ಹುಡುಗಿ? ಎರಡ!”

ಅಂಗಳವೆಲ್ಲ ಗೊಳ್ಳೆಂದಿತು. ಮಾನಪ್ಪ ಐದು ಎಂದ, ಫಕ್ಕೀರವ್ವ ನಾಲ್ಕಕ್ಕೆ ಇಳಿಸಿದಳು. ಸಂತೆಯಲ್ಲಿ ಬೆಲೆ ಇಳಿಸಲು ಜಗಳ ನೋಡಿದ್ದೇವೆ. ತನಗೆ ಬರಬೇಕಾದ್ದನ್ನು ಇಳಿಸಲು ಜಗಳವಾಡಿದವಳು ಇವಳೊಬ್ಬಳೇ. ಮೂವತ್ತೊಂದಕ್ಕೆ ಏರಿದ್ದ ಲೆಕ್ಕ ಇಪ್ಪತ್ತೆರಡಕ್ಕೆ ಬಂದು ನಿಂತ ಮೇಲೆಯೇ ಅವಳು ಗುದ್ದಲಿ ಮುಟ್ಟಗೊಟ್ಟಳು.

ಕೆಲಸ ಕುದುರೆಯಂತೆ ಓಡಿತು. ಗೋಡೆ ಎದ್ದಿತು, ತೊಲೆ ಕೂತಿತು, ಹೆಂಚು ಏರತೊಡಗಿತು. ಆದರೆ ಒಂದು ಅಂದಾಜು ತಪ್ಪಿತ್ತು: ಆಳುಗಳು ರೊಟ್ಟಿ ತಿನ್ನುವ ಹೊತ್ತನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಪುಡಿ ಮುಂದಿದ್ದರೆ ಯಾವ ಗಂಡಸು ಬೇಗ ಏಳುತ್ತಾನೆ? ಇಪ್ಪತ್ತೆರಡು ಆಳಿನ ದುಡಿಮೆಯೂ ಮುಗಿಯಿತು, ನಾಲ್ಕು ಸಾಲು ಹೆಂಚು ನೆಲದ ಮೇಲೆಯೇ ಉಳಿಯಿತು. ಪಡುವಣದಲ್ಲಿ ಮೋಡ ಕಪ್ಪಾಗಿ ಗುಡುಗಿತು.

ಫಕ್ಕೀರವ್ವ ಕಚ್ಚೆ ಬಿಗಿದು ಏಣಿ ಹತ್ತಿದಳು. ಕೆಳಗಿನಿಂದ ಮಾದೇವಿ ಒಂದೊಂದೇ ಹೆಂಚು ಕೊಡುತ್ತ, ಅತ್ತೆಯ ಭಂಗಿ ಕಂಡು ನಗು ತಡೆಯಲಾರದೆ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಅಷ್ಟರಲ್ಲಿ ಕಾಳಿನ ವ್ಯಾಪಾರಿ ಪರಮೇಶಪ್ಪ ನಾಲ್ಕು ಆಳು ಕರೆದುಕೊಂಡು ಬಂದ. ಅವನ ಮನೆಯಲ್ಲಿ ಲಗ್ನವೇ ಆಗಿರಲಿಲ್ಲ, ಹಾಗಾಗಿ ಮುಯ್ಯಿಯೂ ಇರಲಿಲ್ಲ.

“ಇಳೀಬೇ ಫಕ್ಕೀರವ್ವಾ! ಮಳಿ ಬಂತು. ನಮ್ಮ ಆಳು ಒಂದು ಗಳಿಗ್ಯಾಗ ಮುಗಸ್ತಾರ. ರೊಕ್ಕಾ ಏನೂ ಬ್ಯಾಡ.”

ಮೊದಲ ಹನಿ ಅವಳ ಮೂಗಿನ ಮೇಲೆಯೇ ಬಿತ್ತು. ಒರೆಸಿಕೊಳ್ಳಲೂ ಇಲ್ಲ.

“ಸಾವ್ಕಾರ್ರ, ನಿಮ್ಮ ಮನ್ಯಾಗ ನಾನು ಒಂದು ರೊಟ್ಟೀನೂ ಬಡದಿಲ್ಲ. ನಿಮ್ಮ ಆಳು ನನ್ನ ಮನಿ ಯಾಕ ಏರಬೇಕು? ತೊಯ್ದರ ನಾ ತೊಯ್ತೇನಿ, ನಿಮಗ್ಯಾಕ ಥಂಡಿ? ಆ ಕಡೆ ಹೆಂಚು ಹೊದ್ದೈತಿ, ಅದರ ಕೆಳಗ ಕುಂದರ್ರಿ, ಮಾದೇವಿ ಮಜ್ಜಿಗಿ ಕೊಡ್ತಾಳ. ಏಣಿ ಮಾತ್ರ ಮುಟ್ಟಬ್ಯಾಡ್ರಿ!”