ಎಡಗೆನ್ನೆಯ ಗಾಯ

ನಮ್ಮತ್ತೆ ತಮ್ಮ ಜೀವಮಾನದಲ್ಲಿ ಕೆತ್ತಿದ ಗಲ್ಲುಗಂಬಗಳು ಹನ್ನೊಂದು. ಕೈಕೋಳ, ಛಡಿ ಏಟು, ಜೈಲಿನ ಅಂಗಳ, ಕಟಕಟೆಯಲ್ಲಿ ನಿಂತ ಕಳ್ಳರು, ಇವಕ್ಕೆಲ್ಲ ಲೆಕ್ಕ ಇಟ್ಟವರಿಲ್ಲ. ಊರಿನ ಯಾವ ಮೂಲೆಯಲ್ಲಿ ಅಪರಾಧ ನಡೆದರೂ ಮೂರನೆಯ ದಿನಕ್ಕೆ ಅದರ ಚಿತ್ರ ನಮ್ಮ ಅಚ್ಚುಕೂಟದಿಂದ ಹೊರಬಿದ್ದು ಗೋಡೆ ಗೋಡೆಯ ಮೇಲೂ ಕೂತಿರುತ್ತಿತ್ತು. ಪತ್ರಿಕೆಗಳಿಗೆ ಫೋಟೋ ಇನ್ನೂ ಬಾರದ ಕಾಲ ಅದು. ಕಳ್ಳನ ಮುಖ ಹೇಗಿದೆ ಎಂದು ಜನ ನೋಡಬೇಕಾದರೆ ಮರದ ಹಲಗೆಯ ಮೇಲೆ ಓಡುವ ನಮ್ಮತ್ತೆಯ ಉಳಿಯೇ ತೋರಿಸಬೇಕಿತ್ತು.

ಅಚ್ಚುಕೂಟ ಎಂದರೆ ಮನೆಯ ಕೆಳಗಿನ ಒಂದೇ ಉದ್ದನೆಯ ಕೋಣೆ. ಬಾಗಿಲ ಹತ್ತಿರ ಮಾವ ಅಕ್ಷರದ ಮೊಳೆಗಳನ್ನು ಜೋಡಿಸುತ್ತ ಕೂರುತ್ತಿದ್ದರು. ಬೀದಿಯ ಕಿಟಕಿಯ ಪಕ್ಕ, ಬೆಳಕು ಚೆನ್ನಾಗಿ ಬೀಳುವ ಕಡೆ, ಅತ್ತೆಯ ಮೇಜು. ನಡುವೆ ನಾನು, ಮೊಣಕೈತನಕ ಮಸಿ ಬಳಿದುಕೊಂಡು ಯಂತ್ರದ ಹಿಡಿ ಎಳೆಯುವವಳು. ನನ್ನವರು ಅಚ್ಚಾದ ಹಾಳೆಗಳನ್ನು ಹೊತ್ತು ಊರು ಸುತ್ತುವವರು, ಅಂದರೆ ಕೆಲಸದ ಹೊತ್ತಿಗೆ ಸರಿಯಾಗಿ ಮಾಯವಾಗುವವರು.

ಪಕ್ಕದ ಬೀದಿಯಲ್ಲಿ ಇನ್ನೊಂದು ಅಚ್ಚುಕೂಟ ಇತ್ತು. ಅವರ ಹತ್ತಿರ ಗಲ್ಲಿನ ಚಿತ್ರದ ಹಲಗೆ ಇದ್ದದ್ದು ಒಂದೇ. ಯಾರನ್ನೇ ನೇಣಿಗೇರಿಸಲಿ, ಅದೇ ಹಲಗೆ ಎತ್ತಿಕೊಂಡು ಕೆಳಗಿನ ಹೆಸರು ಮಾತ್ರ ಬದಲಿಸಿ ಅಚ್ಚು ಹಾಕಿಬಿಡುತ್ತಿದ್ದರು. ಒಮ್ಮೆ ಗಂಡನಿಗೆ ವಿಷ ಹಾಕಿದ ಹೆಂಗಸಿನ ಚಿತ್ರಕ್ಕೂ ಗಡ್ಡ ಇತ್ತು! ನಮ್ಮತ್ತೆ ಹಾಗಲ್ಲ. ನೋಡದೆ ಕೆತ್ತುವವರಲ್ಲ. ಜೈಲಿನ ಅಂಗಳದ ಚಿತ್ರ ಮಾಡಬೇಕಾದಾಗ ಜೈಲಿಗೇ ಹೋಗಿ ಮೂರು ದಿನ ಕೂತಿದ್ದರು. ಕೈದಿಗಳು ಹಳೆಯ ಹಡಗಿನ ಹಗ್ಗಗಳನ್ನು ನಾರು ನಾರಾಗಿ ಬಿಡಿಸಿ ಬಿಡಿಸಿ ಉಗುರು ಕಿತ್ತುಹೋಗಿದ್ದನ್ನು ಅವರು ಒಂದೊಂದು ಬೆರಳಿನಲ್ಲೂ ತೋರಿಸಿದರು. ಚಿತ್ರ ನೋಡಿ ಜೈಲರ್ ಸಾಹೇಬರಿಗೆ ಮೈಯೆಲ್ಲ ಉರಿ ಹತ್ತಿತು.

"ಏನಮ್ಮಾ, ನಮ್ಮ ಜೈಲು ಅಷ್ಟೊಂದು ಕೊಳಕಾ?"

"ತೊಳೆದಿಡಿ ಸಾಹೇಬ್ರೇ, ಮತ್ತೆ ಬಂದು ಕೆತ್ತಿಕೊಡ್ತೀನಿ."

ಇಷ್ಟು ಹೇಳಿದ ಮೇಲೆ ಅವರ ಇನ್ನೊಂದು ಗುಣವನ್ನೂ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬಿಹೋಗುತ್ತದೆ. ನಮ್ಮತ್ತೆ ತಮ್ಮದು ತಪ್ಪು ಎಂದು ಯಾವತ್ತೂ ಒಪ್ಪಿಕೊಂಡವರಲ್ಲ. ಅಡಿಗೆಗೆ ಉಪ್ಪು ಜಾಸ್ತಿಯಾದರೆ ನಮ್ಮ ನಾಲಿಗೆ ಸರಿಯಿಲ್ಲ. ದಾರಿ ತಪ್ಪಿದರೆ ಬೀದಿಯೇ ತಿರುಗಿಕೊಂಡಿದೆ. ಹೊಸದಾಗಿ ಬಂದ ವರ್ಷ ನಾನು ಒಡೆಯದ ಬೋಗುಣಿಗೆ ನಾನೇ ಬೈಸಿಕೊಂಡಿದ್ದೇನೆ. ಒಡೆದವರು ಯಾರೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಂಬತ್ತು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಆ ಒಂದು ಮಾತು ಕೇಳಬೇಕೆಂದು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೆ.

ಆ ವರ್ಷ ಗಡಿಯಾರದ ಅಂಗಡಿಗೆ ಕಳ್ಳ ನುಗ್ಗಿ ಕಾವಲುಗಾರನನ್ನು ಹೊಡೆದು ಕೊಂದ. ಮಹಡಿಯ ಕಿಟಕಿಯಿಂದ ನೋಡಿದವಳು ಅಂಗಡಿಯವನ ಹೆಂಡತಿ ಒಬ್ಬಳೇ. ಬೀದಿದೀಪದ ಕೆಳಗೆ ಕಳ್ಳ ತಲೆಯೆತ್ತಿದಾಗ ಅವನ ಕೆನ್ನೆಯ ಮೇಲೆ ಕಿವಿಯಿಂದ ತುಟಿಯತನಕ ಹಳೆಯ ಗಾಯದ ಗೀರು ಕಂಡಿತ್ತು. ಮರುದಿನ ಮಧ್ಯಾಹ್ನ ಪೊಲೀಸರು ಅವಳನ್ನು ನಮ್ಮಲ್ಲಿಗೇ ಕರೆತಂದು, ಬೆಳಗಾಗುವುದರೊಳಗೆ ಎರಡು ಸಾವಿರ ಹಾಳೆ ಬೇಕೆಂದರು.

ಅಚ್ಚಿನ ಚಿತ್ರ ಎಡ ಬಲ ತಿರುಗಿ ಬೀಳುತ್ತದೆ. ಅದಕ್ಕೇ ಅತ್ತೆ ಮೊದಲು ತೆಳು ಹಾಳೆಯ ಮೇಲೆ ಬರೆದು, ಹಾಳೆಯನ್ನು ಹಲಗೆಯ ಮೇಲೆ ಕವುಚಿ ಉಜ್ಜಿ, ಹಾಗೆ ತಿರುಗಿ ಮೂಡಿದ ಗೆರೆಗಳನ್ನೇ ಕೆತ್ತುತ್ತಿದ್ದರು. ಕೊನೆಗೆ ಒಂದು ಸಲ ಕನ್ನಡಿಯಲ್ಲಿ ನೋಡುತ್ತಿದ್ದರು. ಅವತ್ತು ಹೊತ್ತಿರಲಿಲ್ಲ. ಆ ಹೆಂಗಸು ಅಳುತ್ತ ಹೇಳಿದ ಹಾಗೆಯೇ ಹಲಗೆಯ ಮೇಲೆ ನೇರವಾಗಿ ಸೀಸದಕಡ್ಡಿ ಓಡಿಸಿದರು; ಮುಖದ ಹಿಂದೆ ಅಂಗಡಿಯ ಬಾಗಿಲು, ದೀಪದ ಕಂಬ. ಕನ್ನಡಿಯನ್ನು ನನ್ನವರು ಗಡ್ಡ ಹೆರೆದುಕೊಳ್ಳಲು ಮಹಡಿಗೆ ಒಯ್ದು ಅಲ್ಲೇ ಬಿಟ್ಟಿದ್ದರು. ಕತ್ತಲಾಗುವಾಗ ಮಸಿ ಹಚ್ಚಿದೆ, ರಾತ್ರಿಯಿಡೀ ಹಿಡಿ ಎಳೆದೆ, ಬೆಳಗಾಗುವಷ್ಟರಲ್ಲಿ ಊರ ತುಂಬ ಆ ಮುಖ.

ಮೂರು ವಾರ ಕಳೆದ ಮೇಲೆ ದೋಣಿಗಳು ನಿಲ್ಲುವ ಕಟ್ಟೆಯಲ್ಲಿ ಒಬ್ಬ ಸಿಕ್ಕಿಬಿದ್ದ. ಕಿಟಕಿಗಳಿಗೆ ಗಾಜು ಕೂರಿಸುವವನು, ಕೆಲಸ ಹುಡುಕುತ್ತ ಊರೂರು ಅಲೆಯುವವನು. ಎಡಗೆನ್ನೆಯ ಮೇಲೆ ಉದ್ದನೆಯ ಗೀರು. ಗಾಜು ಬಿದ್ದು ಆದದ್ದು ಎಂದು ಅವನು ಬಡಕೊಂಡರೂ ಕೇಳುವವರಿಲ್ಲ. ಅಂಗಡಿಯವನ ಹೆಂಡತಿ ನೋಡಿದ ಕೂಡಲೇ "ಇವನೇ" ಎಂದಳು. ನಮ್ಮ ಚಿತ್ರದಿಂದ ಕೊಲೆಗಾರ ಸಿಕ್ಕಿದ ಎಂದು ಮಾವ ಆವತ್ತು ಬೀದಿಯಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದರು.

ವಿಚಾರಣೆಯ ಚಿತ್ರ ಬರೆಯಲು ಅತ್ತೆ ಕೋರ್ಟಿಗೆ ಹೋದರು. ಹಾಳೆ, ಕಡ್ಡಿ ಹಿಡಿದುಕೊಂಡು ನಾನೂ ಜೊತೆಗೆ ಕೂತಿದ್ದೆ. ಗುಮಾಸ್ತ ಎದ್ದು ಅಂಗಡಿಯವನ ಹೆಂಡತಿ ಮೊದಲ ದಿನ ಕೊಟ್ಟ ದೂರನ್ನು ಓದಿದ. "ಬಲಗೆನ್ನೆಯ ಮೇಲೆ ಗಾಯದ ಗುರುತು" ಎಂದು ಓದಿದ್ದೇ ತಡ, ಸರ್ಕಾರಿ ವಕೀಲರು ಸಿಡುಕಿದರು. "ಎಡಗೆನ್ನೆ ಕಣಯ್ಯಾ! ಊರ ತುಂಬ ಚಿತ್ರ ಇದೆ, ಅಪರಾಧಿ ಕಣ್ಣೆದುರಿಗೇ ಇದ್ದಾನೆ. ಬರೆದುಕೊಳ್ಳೋಕೂ ಬರಲ್ವಾ?" ಎಲ್ಲರೂ ನಕ್ಕರು. ಗುಮಾಸ್ತನ ಮುಖ ಸಪ್ಪಗಾಯಿತು. ಅತ್ತೆ ಮಾತ್ರ ನಗಲಿಲ್ಲ. ಅವರ ಕಡ್ಡಿ ಅಲ್ಲೇ ನಿಂತುಹೋಯಿತು.

ಮನೆಗೆ ಬಂದವರೇ ಚಪ್ಪಲಿ ಕೂಡ ಬಿಡದೆ ಆ ಹಲಗೆಯನ್ನು ಮೇಜಿನ ಮೇಲಿಟ್ಟುಕೊಂಡು ನಿಂತರು.

"ಏನಾಯ್ತತ್ತೆ?"

"ಬಾ ಇಲ್ಲಿ. ಕೆನ್ನೆ ಬಿಡು, ದೀಪದ ಕಂಬ ನೋಡು. ಗಡಿಯಾರದ ಅಂಗಡಿ ಎದುರು ನಿಂತರೆ ಕಂಬ ಬಾಗಿಲ ಯಾವ ಕಡೆ ಇದೆ?"

"ಎಡಕ್ಕೆ."

"ಅಚ್ಚಾದ ಹಾಳೇಲಿ?"

ಹಾಳೆ ತೆಗೆದು ನೋಡಿದೆ. ಬಾಗಿಲ ಬಲಕ್ಕಿತ್ತು. ಕಂಬ ತಿರುಗಿದ್ದರೆ ಕೆನ್ನೆಯೂ ತಿರುಗಿದೆ. ಹಾಳೆಗಳನ್ನು ಒಂದೊಂದಾಗಿ ಎಳೆದವಳು ನಾನು. ದಿನಾ ಆ ಬೀದಿಯಲ್ಲೇ ಓಡಾಡುವವಳು ನಾನು. ನನ್ನ ಕಣ್ಣೂ ಊರಿನವರ ಕಣ್ಣಿನ ಹಾಗೆ ಆ ಗಾಯದ ಮೇಲೇ ನೆಟ್ಟುಬಿಟ್ಟಿತ್ತು.

ಮಾವ ಕೇಳಿದವರೇ ಎದ್ದು ಬಾಗಿಲು ಹಾಕಿದರು. "ಬಾಯಿ ಮುಚ್ಚಿಕೊಂಡಿರು. ಆ ಹೆಂಗಸೇ ಗುರುತು ಹಿಡಿದಾಯ್ತಲ್ಲ, ಇನ್ನು ನಿನ್ನ ಚಿತ್ರದ್ದೇನು?"

"ಅವಳು ಗುರುತು ಹಿಡಿದದ್ದು ನನ್ನ ಚಿತ್ರವನ್ನ. ಮೂರು ವಾರ ಅವಳ ಕಿಟಕಿ ಎದುರಿಗೇ ಅಂಟಿಸಿತ್ತಲ್ಲ."

"ಮೂವತ್ತು ವರ್ಷದ ಹೆಸರು ಕಣೇ. ಒಂದೇ ದಿನಕ್ಕೆ ಮಣ್ಣುಪಾಲು ಮಾಡ್ತೀಯಾ? ನಾಳೆಯಿಂದ ನಿನ್ನ ಗೆರೆ ಯಾರು ನಂಬ್ತಾರೆ?"

ಈ ಮಾತು ಅತ್ತೆಗೆ ನಾಟಿತು. ಅದು ನಿಜವಾಗಿತ್ತು. ಅವರಿಗೆ ಒಡವೆ ಬೇಕಿರಲಿಲ್ಲ, ಒಳ್ಳೆಯ ಸೀರೆ ಬೇಕಿರಲಿಲ್ಲ; ಈ ಕೈ ತಪ್ಪುವುದಿಲ್ಲ ಎಂಬ ಮಾತೊಂದೇ ಅವರ ಆಸ್ತಿ. ಕತ್ತಲಾಗುವತನಕ ಅವರು ಆ ಹಲಗೆಯ ಮುಂದೆಯೇ ಕೂತಿದ್ದರು. ಆಮೇಲೆ ಎದ್ದು ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿದರು.

"ಹನ್ನೊಂದು ಗಲ್ಲು ಕೆತ್ತಿದ್ದೀನಿ. ಸುಮ್ಮನಿದ್ದರೆ ಹನ್ನೆರಡನೇದನ್ನ ನಾನೇ ನೆಟ್ಟ ಹಾಗೆ. ಬೆಳಿಗ್ಗೆ ಇದನ್ನ ಹೊತ್ತುಕೊಂಡು ನನ್ನ ಜೊತೆ ಬಾ. ಭಾರ ಇದೆ."

ಮರುದಿನ ತೀರ್ಪಿಗೆ ಮುಂಚೆ ಅತ್ತೆ ಎದ್ದು ನಿಂತು ಮಾತಾಡಬೇಕು ಎಂದಾಗ ಕೋರ್ಟಿನಲ್ಲಿ ಗುಜುಗುಜು ಶುರುವಾಯಿತು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, ಹೇಳಿ ಎಂದರು.

"ಸ್ವಾಮಿ, ಈ ಚಿತ್ರ ತಪ್ಪಾಗಿದೆ. ತಪ್ಪು ನನ್ನದು."

ಒಂಬತ್ತು ವರ್ಷ ಕಾದಿದ್ದ ಮಾತು. ಕೇಳಿದಾಗ ಕುಣಿಯಬೇಕು ಎಂದುಕೊಂಡಿದ್ದವಳು ನಾನು. ಹಲಗೆಯನ್ನು ಎದೆಗೊತ್ತಿಕೊಂಡು ನಿಂತೇ ಇದ್ದೆ.

ಸರ್ಕಾರಿ ವಕೀಲರು ನಕ್ಕರು. "ಮೂವತ್ತು ವರ್ಷ ತಪ್ಪದ ಕೈ ಸರಿಯಾಗಿ ಈ ಕೊಲೆಗಾರನ ಹತ್ತಿರವೇ ತಪ್ಪಿತೋ?"

"ನಿನ್ನೆ ಸಂಜೆ ಪೂರ್ತಿ ನಾನೂ ಅದನ್ನೇ ಕೇಳಿಕೊಂಡೆ ಸ್ವಾಮಿ. ನನ್ನ ಮಾತು ನಂಬಬೇಡಿ. ಯಾರನ್ನಾದರೂ ಈ ಹಾಳೆ ಕೊಟ್ಟು ಗಡಿಯಾರದ ಅಂಗಡಿ ಎದುರು ನಿಲ್ಲಿಸಿ."

ನ್ಯಾಯಾಧೀಶರು ಆ ಗುಮಾಸ್ತನನ್ನೇ ಕಳಿಸಿದರು. ಎರಡು ಬೀದಿಯಾಚೆ ಅಷ್ಟೇ. ಅವನು ಹೋದದ್ದು ನಡೆದುಕೊಂಡು, ಬಂದದ್ದು ಓಡಿಕೊಂಡು. "ಕಂಬ ಎಡಕ್ಕಿದೆ ಸ್ವಾಮಿ! ಚಿತ್ರದಲ್ಲಿ ಬಲಕ್ಕೆ!" ಎಂದು ಬಾಗಿಲಲ್ಲೇ ಕೂಗಿದ. ಅತ್ತೆ ಹಲಗೆ ತೋರಿಸಿ, ಹಾಳೆಗೆ ಕನ್ನಡಿ ಹಿಡಿದು, ಅಚ್ಚು ಹೇಗೆ ತಿರುಗುತ್ತದೆ ಎಂದು ಬಿಡಿಸಿ ಹೇಳಿದರು. ಅಂಗಡಿಯವನ ಹೆಂಡತಿಯನ್ನು ಮತ್ತೆ ಕರೆದು ಕೇಳಿದಾಗ ಅವಳು ಅತ್ತುಬಿಟ್ಟಳು. "ಏನ್ ಹೇಳಲಿ ಸ್ವಾಮಿ, ಕಣ್ಣು ಮುಚ್ಚಿದರೆ ಈಗ ಚಿತ್ರವೇ ಬರುತ್ತೆ. ಆ ಮನುಷ್ಯ ಬರೋದೇ ಇಲ್ಲ." ಹಾಗಾದರೆ ಮೊದಲ ದಿನ ಬರೆದುಕೊಂಡದ್ದೇ ಸರಿ ಎಂದು ನ್ಯಾಯಾಧೀಶರು ಗಾಜಿನವನನ್ನು ಬಿಟ್ಟರು. ಇನ್ನು ಮುಂದೆ ಸಾಕ್ಷಿ ಹೇಳುವವರಿಗೆ ಮುಂಚೆ ಚಿತ್ರ ತೋರಿಸಕೂಡದು ಎಂದೂ ಬರೆಸಿದರು. ಆ ಆಜ್ಞೆ ಹೊರಟದ್ದು ನಮ್ಮತ್ತೆಯ ಒಂದು ಮಾತಿನಿಂದ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಗಾಜಿನವನು ಅತ್ತೆಯ ಎದುರಿಗೆ ಬಂದು ನಿಂತ. ಕೈಮುಗಿಯುತ್ತಾನೆ ಎಂದುಕೊಂಡೆ. ಅವನು ಮುಗಿಯಲಿಲ್ಲ.

"ಬಿಟ್ಟರು, ಸರಿ ಅಮ್ಮಾ. ಆದರೆ ನನ್ನ ಮುಖ ಊರ ತುಂಬ ಅಂಟಿಕೊಂಡಿದೆಯಲ್ಲ. ಅದನ್ನ ಯಾರು ಬಿಡಿಸ್ತಾರೆ? ನನ್ನನ್ನ ಮನೆ ಒಳಗೆ ಯಾರು ಸೇರಿಸ್ತಾರೆ?"

"ನಾನು ಬಿಡಿಸ್ತೀನಿ. ಬಂದು ಕೂತುಕೋ."

ಕಿಟಕಿಯ ಪಕ್ಕ ಅವನನ್ನು ಎರಡು ದಿನ ಕೂರಿಸಿಕೊಂಡು ಅವನದೇ ಮುಖವನ್ನು ಹೊಸದಾಗಿ ಕೆತ್ತಿದರು. ಅದರ ಕೆಳಗೆ ಏನು ಬರಬೇಕೆಂದು ಚೀಟಿಯಲ್ಲಿ ಬರೆದು ಮಾವನ ಮುಂದಿಟ್ಟರು: ಈತ ನಿರಪರಾಧಿ, ಮೊದಲ ಚಿತ್ರದ ತಪ್ಪು ಕೆತ್ತಿದವಳದು. ಅದರ ಕೆಳಗೆ ತಮ್ಮ ಪೂರ್ತಿ ಹೆಸರು. ಅಲ್ಲಿಯತನಕ ಯಾವ ಚಿತ್ರಕ್ಕೂ ಅವರು ಹೆಸರು ಹಾಕಿದ್ದಿಲ್ಲ, ಹೊರಗೆ ಕಾಣುತ್ತಿದ್ದದ್ದು ಅಚ್ಚುಕೂಟದ ಹೆಸರು. ಮಾವ ಚೀಟಿ ಓದಿದರು. ಗೊಣಗಿದರು. ಆಮೇಲೆ ಹಬೆಯಂತ್ರದ ಜಾಹೀರಾತಿಗೆಂದು ಎತ್ತಿಟ್ಟಿದ್ದ ದಪ್ಪ ಅಕ್ಷರಗಳನ್ನು ತೆಗೆದು ಹೆಂಡತಿಯ ಹೆಸರನ್ನು ಜೋಡಿಸಿದರು. ಪೊಲೀಸರ ಕೆಲಸ ನಮ್ಮ ಕೈತಪ್ಪಿ ಪಕ್ಕದ ಬೀದಿಗೆ ಹೋಯಿತು. ಅವರ ಗಲ್ಲಿನ ಹಲಗೆಗೆ ಮತ್ತೆ ಶುಕ್ರದೆಸೆ ಬಂತು.

ಎರಡು ಸಾವಿರ ಹಾಳೆ. ಹಳೆಯದು ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಅದರ ಮೇಲೇ ಹೊಸದು ಅಂಟಿಸಬೇಕು. ನಾವು ನಾಲ್ಕೂ ಜನ ಅಂಟಿನ ಬಕೆಟ್ಟು ಹಿಡಿದು ಹೊರಟೆವು. ಮಾವನೂ ಬಂದರು. ಮಾರುಕಟ್ಟೆಯ ಗೋಡೆಯ ಹತ್ತಿರ ನಾನೊಬ್ಬಳೇ ಇದ್ದೆ. ಇಬ್ಬರು ಗಂಡಸರು ಕೈಕಟ್ಟಿ ನಿಂತು ಓದಿದರು. ಒಬ್ಬ ಹಲ್ಲು ಕಿರಿದ.

"ಮೂರು ವಾರ ಊರಿಗೆಲ್ಲ ಸುಳ್ಳು ಮುಖ ತೋರಿಸಿದವಳಂತೆ. ನಿನಗೇನಾಗಬೇಕು ಅವಳು?"

ಹಾಳೆಯ ಮೂಲೆಯನ್ನು ಅಂಗೈಯಿಂದ ಒತ್ತಿ ಕೂರಿಸಿ, ಅವನ ಕಡೆ ತಿರುಗಿದೆ.

"ನಮ್ಮತ್ತೆ," ಎಂದೆ. "ಹೆಸರು ಅಲ್ಲೇ ಇದೆ, ಜೋರಾಗಿ ಓದಿ."