ಕೊಡುವ ಮೊದಲು ಇಳಿಯಬೇಕಿದ್ದ ತೂಕ

ನಿನ್ನೆ ಬೆಳಿಗ್ಗೆ ಭಾಲ್ಕಿಯಿಂದ ತಮ್ಮನ ಹೆಂಡತಿ ಫೋನ್ ಮಾಡಿದ್ದಳು. "ಅಕ್ಕಾರ, ರೊಟ್ಟಿ ತೂಗೋ ಸಣ್ಣ ತಕ್ಕಡಿ ನಿಮ್ಮ ಬಲ್ಲಿ ಇತ್ತಲ್ರಿ, ಇನ್ನಾ ಅದ ಏನ್ರಿ? ಇವ್ರಿಗಿ ತೂಕ ಇಳಸ್ರಿ ಅಂದಾರ ಡಾಕ್ಟರ್." ಅಡಿಗೆಮನೆಯ ಮೇಲಿನ ಹಲಗೆಯಿಂದ ಅದನ್ನು ಇಳಿಸಿದೆ. ಧೂಳು ಒರೆಸುವಷ್ಟರಲ್ಲಿ ನನಗೆ ಸುಸ್ತಾಯಿತು. ಅಂಗೈಯಗಲದ ವಸ್ತು, ಹೂವಿನಷ್ಟು ಹಗುರ. ಆದರೂ ಸ್ಟೂಲಿನ ಮೇಲೆ ಕೂತೇ ಬಿಟ್ಟೆ.

ಯಾಕೆಂದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಎರಡೂ ಕಿಡ್ನಿ ಕೆಟ್ಟವು. ಡಯಾಲಿಸಿಸ್‌ಗೆಂದು ಭಾಲ್ಕಿಯಿಂದ ಬೀದರಿಗೆ ಬರುತ್ತಿದ್ದ, ಮುಗಿಸಿಕೊಂಡು ನನ್ನ ಮನೆಯಲ್ಲೇ ಮಲಗುತ್ತಿದ್ದ. ಪರೀಕ್ಷೆ ಮಾಡಿದಾಗ ನನ್ನ ಕಿಡ್ನಿ ಅವನಿಗೆ ಹೊಂದುತ್ತದೆ ಎಂದು ಗೊತ್ತಾಯಿತು. ಆದರೆ ಹೈದರಾಬಾದಿನ ದವಾಖಾನೆಯವರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಖ ಮುಖ ನೋಡಿಕೊಂಡರು. ಎಲ್ಲ ಸರಿ ಇದೆ, ಮೊದಲು ತೂಕ ಇಳಿಸಿಕೊಂಡು ಬನ್ನಿ ಅಂದರು.

ನಾನು ಹುಟ್ಟಾ ದುಂಡಗಿನವಳು. ನಾನು ಪಾಠ ಹೇಳುವ ಜನವಾಡದ ಸಾಲೆಯಲ್ಲಿ ನನ್ನ ಕುರ್ಚಿಯನ್ನು ಬೇರೆ ಮೇಡಂಗಳು ಎಳೆದುಕೊಳ್ಳುತ್ತಿರಲಿಲ್ಲ, ಅದೊಂದೇ ಗಟ್ಟಿಯಾಗಿತ್ತು. ಇಷ್ಟು ವರ್ಷ ಯಾರಿಗೂ ಅಡ್ಡ ಬಾರದ ನನ್ನ ಮೈ ಈಗ ತಮ್ಮನ ಜೀವಕ್ಕೇ ಅಡ್ಡ ನಿಂತಿತ್ತು. ಹೋಗಲಿ, ಉಪವಾಸ ಬಿದ್ದು ತಿಂಗಳಲ್ಲಿ ಇಳಿಸೋಣವೆಂದರೆ ಅದಕ್ಕೂ ಬಿಡಲಿಲ್ಲ. ಅಲ್ಲಿ ಊಟದ ಲೆಕ್ಕ ಹೇಳಿಕೊಡುವ ಹುಡುಗಿ ಬೆರಳು ಆಡಿಸಿ ಎಚ್ಚರಿಸಿದಳು. ಊಟ ಬಿಟ್ಟು ರಕ್ತ ಕಡಿಮೆಯಾದರೆ ಆಗಲೂ ನಿಮ್ಮನ್ನು ಬೇಡ ಅನ್ನುತ್ತೇವೆ. ಬೇಳೆ, ಮೊಸರು, ಪಲ್ಯ ಬಿಡದೆ ತಿನ್ನಿ, ನಿಧಾನವಾಗಿ ಇಳಿಸಿ. ನಿಧಾನವಾಗಿ! ಸೂಜಿ ಚುಚ್ಚಿ ಚುಚ್ಚಿ ತಮ್ಮನ ಕೈ ಗಂಟುಗಂಟಾಗಿತ್ತು.

ಅವಳೇ ನನ್ನ ಫೋನಿನಲ್ಲಿ ಕ್ಯಾಲೊರಿ ಲೆಕ್ಕದ ಆ್ಯಪ್ ಹಾಕಿಕೊಟ್ಟಳು. ಅದಕ್ಕೆ ನಮ್ಮ ಜೋಳದ ರೊಟ್ಟಿ ಗೊತ್ತಿರಲಿಲ್ಲ. ಚಪಾತಿಯ ಚಿತ್ರ ತೋರಿಸಿ ಸಣ್ಣದೋ ದೊಡ್ಡದೋ ಎಂದು ಕೇಳುತ್ತಿತ್ತು. ನಮ್ಮ ಮನೆಯ ರೊಟ್ಟಿ ಅದರ ದೊಡ್ಡದಕ್ಕಿಂತ ಎರಡು ಪಟ್ಟು. ಹಾಗಾಗಿ ತಕ್ಕಡಿ ಬಂತು. ರೊಟ್ಟಿಗಿಂತ ಹೆಚ್ಚಾಗಿ ನನ್ನ ಎದೆ ಒಡೆದದ್ದು ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಬಾಯಿರುಚಿಗೆಂದು ತಾಟಿನ ಅಂಚಿಗೆ ಹಾಕಿಕೊಂಡು ಮೇಲೆ ಎಣ್ಣೆ ಬಿಡುತ್ತೇವಲ್ಲ, ಅದು ಕ್ಯಾಲೊರಿಯಲ್ಲಿ ಒಂದಿಡೀ ರೊಟ್ಟಿಯನ್ನು ಮೀರಿಸಿತ್ತು. ಇಷ್ಟು ವರ್ಷ ಅದನ್ನು ಊಟದ ಲೆಕ್ಕಕ್ಕೇ ಹಿಡಿದವಳಲ್ಲ ನಾನು.

ತಮ್ಮನಿಗೆ ನೀರಿನ ಲೆಕ್ಕವಿತ್ತು. ಕಿಡ್ನಿ ನೀರು ಹೊರಹಾಕುತ್ತಿರಲಿಲ್ಲವಾದ್ದರಿಂದ ದಿನಕ್ಕೆ ಇಷ್ಟೇ ಎಂದು ಬಾಟಲಿಗೆ ಗೆರೆ ಹಾಕಿದ್ದರು. ಬೇಸಿಗೆಯಲ್ಲಿ ಅವನು ಒಂದು ಗುಟುಕನ್ನು ಬಾಯಲ್ಲಿ ತಿರುಗಿಸಿ ತಿರುಗಿಸಿ ನುಂಗುತ್ತಿದ್ದ. ಎದುರು ಕೂತು ನಾನು ರೊಟ್ಟಿ ತೂಗುತ್ತಿದ್ದೆ. "ಅಕ್ಕ, ನಮ್ಮ ಮನ್ಯಾಗ ಊಟ ಅಲ್ಲ, ಕಿರಾಣಿ ದುಕಾನ್ ನಡದದ ನೋಡು" ಎಂದು ನಗುತ್ತಿದ್ದ. ನಕ್ಕರೆ ತುಟಿ ಬಿರಿಯುತ್ತಿತ್ತು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಡುವೆ ಬಂಧು-ಬಳಗ ಬಂತು. ನಮ್ಮ ಕಡೆ ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡುವ ಮುಂಚೆ, ಆಮೇಲೆ, ನೆಂಟರು ಸರದಿಯಲ್ಲಿ ಊಟಕ್ಕೆ ಕರೆಯುತ್ತಾರೆ. ಕಿಡ್ನಿ ಕೊಡುವವಳನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಬಸುರಿಯ ರಿವಾಜನ್ನೇ ನನಗೆ ಹಚ್ಚಿದರು. ಕಮಠಾಣದಿಂದ ಹೋಳಿಗೆಯ ಕರೆ, ಜನವಾಡದಿಂದ ಹುಗ್ಗಿಯ ಕರೆ. ಔರಾದದಿಂದ ಸೋದರಮಾವನ ಹೆಂಡತಿ, ನಮ್ಮತ್ತೆ, ಬಾಣಂತಿಯರಿಗೆ ಕೊಡುವ ಅಂಟಿನ ಉಂಡಿಯ ಡಬ್ಬಿ ಹೊತ್ತು ಬಸ್ಸಿನಲ್ಲಿ ಬಂದಿಳಿದಳು.

"ಹೊಟ್ಟಿ ಕೊಯ್ದು ಒಂದು ತೆಗೀತಾರಂದ್ರ ಅದೂ ಬಾಣಂತನನೇ ಅಲ್ಲೇನವ್ವ? ಮೊದ್ಲೇ ತಾಕತ್ ತುಂಬ್ಕೋ" ಅಂದಳು. ತುಪ್ಪ ಕೈಗೆ ಇಳಿಯುವಂಥ ಉಂಡಿ. ಬೇಡವೆಂದೆ. ಮತ್ತೆ ಬೇಡವೆಂದೆ. ತೂಕ ಹೆಚ್ಚೆಂದು ದವಾಖಾನೆಯವರು ವಾಪಸ್ ಕಳಿಸಿದ್ದನ್ನು ಬಳಗಕ್ಕೆ ಹೇಳಲು ನಾಚಿಕೆ. ಅತ್ತೆ ಡಬ್ಬಿಯ ಮುಚ್ಚಳ ಹಾಕಿದಳು.

ನಾನು ತೆಳ್ಳಗಾಗುತ್ತ ಬಂದ ಹಾಗೆ ಒಂದು ಮಾತು ಬಳಗದಲ್ಲಿ ಓಡಾಡತೊಡಗಿತು. ಈಕೆಗೆ ಕೊಡುವ ಮನಸ್ಸಿಲ್ಲ, ಊಟ ಬಿಟ್ಟು ಸೊರಗಿ, ಡಾಕ್ಟರ ಬಾಯಿಂದಲೇ ಬೇಡ ಅನ್ನಿಸಿಕೊಳ್ಳಲು ನೋಡುತ್ತಿದ್ದಾಳೆ ಎಂದು. ನೀವೇ ಹೇಳಿ, ಇದಕ್ಕೆ ಏನು ಉತ್ತರ ಕೊಡುವುದು? ತಿಂದರೆ ತಮ್ಮನಿಗೆ ಮೋಸ, ತಿನ್ನದಿದ್ದರೂ ತಮ್ಮನಿಗೇ ಮೋಸ. ಆ ಮಾತು ತಮ್ಮನ ಕಿವಿಗೂ ಬಿತ್ತು. ಒಂದು ದಿನ ಡಯಾಲಿಸಿಸ್ ಮುಗಿಸಿ ಬಂದವನು ಗೋಡೆ ನೋಡುತ್ತ ಅಂದ: "ಅಕ್ಕ, ನೀ ಹೊಟ್ಟಿತುಂಬ ಉಣ್ಣು. ಕೊಡದಿದ್ರೂ ನಡೀತದ. ನಾ ಏನೂ ತಿಳ್ಕೊಳ್ಳಂಗಿಲ್ಲ."

ಆ ದಿನ ಅತ್ತಷ್ಟು ನಾನು ಅವ್ವ ಹೋದಾಗಲೂ ಅತ್ತಿರಲಿಕ್ಕಿಲ್ಲ. ಆಮೇಲೆ ಅವನ ಕೈಗೆ ಫೋನು ಕೊಟ್ಟೆ. ತಿಂಗಳುಗಟ್ಟಲೆಯ ಬೇಳೆ, ಮೊಸರು, ಅರ್ಧ ರೊಟ್ಟಿಗಳನ್ನು ಅವನು ಬೆರಳಿನಿಂದ ಸರಿಸುತ್ತ ಸರಿಸುತ್ತ ಹೋದ.

ಮುಂದಿನ ಭಾನುವಾರ ಔರಾದದಲ್ಲಿ ಅತ್ತೆಯ ಮನೆಯ ಊಟ. ಹಟ ಹಿಡಿದು ಅವನೂ ನನ್ನ ಜೊತೆ ಬಂದ. ಸಾಕು ಸಾಕು ಅನ್ನುತ್ತಿದ್ದಂತೆ ಅತ್ತೆ ನನ್ನ ತಾಟಿಗೆ ಇನ್ನೊಂದು ಹೋಳಿಗೆ ಜಾರಿಸಿದಳು. ತಮ್ಮ ಕೈ ಚಾಚಿ ಅದನ್ನು ಎತ್ತಿ ವಾಪಸ್ ಬುಟ್ಟಿಗೆ ಹಾಕಿದ. "ಅತ್ತಿ, ಆಕಿ ತೂಕ ಇಳಿಯೋತನಾ ನನಗ ಕಿಡ್ನಿ ಸಿಗಂಗಿಲ್ಲ. ನೀ ಆಕಿಗಿ ಹಾಕೋದೆಲ್ಲ ನನ್ನ ಆಯುಷ್ಯದಾಗಿಂದ ಹೋಗ್ಲತ್ತದ" ಅಂದ.

ಅತ್ತೆ ಬುಟ್ಟಿ ಹಿಡಿದುಕೊಂಡು ನಿಂತೇ ಇದ್ದಳು. ಪಾಪ, ಆಕೆಗೆ ಅನ್ನ ಹಾಕುವುದೊಂದೇ ಪ್ರೀತಿ ಗೊತ್ತಿದ್ದದ್ದು. "ಯಪ್ಪಾ, ನನಗ ಹ್ಯಾಂಗ ತಿಳೀಬೇಕೋ" ಎಂದು ಸೆರಗು ಬಾಯಿಗಿಟ್ಟುಕೊಂಡಳು. ಅಂದಿನಿಂದ ಊಟದ ಕರೆಗಳು ನಿಂತವು, ಮಾತುಗಳೂ ನಿಂತವು. ತೂಕ ಇಳಿಯಿತು, ದವಾಖಾನೆಯವರು ಒಪ್ಪಿದರು, ಆಪರೇಷನ್ನೂ ಆಯಿತು. ನನ್ನ ಕಿಡ್ನಿ ಅವನ ಮೈಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ.

ಅವನಿಗೆ ಹಸಿವು ಬಂದದ್ದೇ ಆಮೇಲೆ. ಗುಳಿಗೆಗಳಿಂದ ಬರುವ ಹಸಿವು ಸ್ವಲ್ಪ, ಬದುಕಿದ ಹಸಿವು ಬಹಳ. ನಿನ್ನೆ ಮಧ್ಯಾಹ್ನ ತಕ್ಕಡಿ ಹಿಡಿದು ಭಾಲ್ಕಿಗೆ ಹೋದೆ. ತಮ್ಮನಿಗೆ ಹೊಟ್ಟೆ ಬಂದಿದೆ, ಗಲ್ಲ ತುಂಬಿದೆ. ಹೀಗೇ ಏರಿದರೆ ಸಕ್ಕರೆ ಕಾಯಿಲೆ ಬರುತ್ತದೆ, ಹಾಕಿದ ಕಿಡ್ನಿಗೂ ಕುತ್ತು ಎಂದು ಡಾಕ್ಟರ್ ಹೇಳಿದ್ದಾರಂತೆ. ಉಣ್ಣಲು ಕೂತವನು ಮೊದಲು ಚೊಂಬು ಎತ್ತಿ, ತಲೆ ಹಿಂದಕ್ಕೆ ಮಾಡಿ, ಗಟಗಟ ನೀರು ಕುಡಿದ. ಅದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದ. ಅವನ ಹೆಂಡತಿ ರೊಟ್ಟಿ ಹಿಡಿದು ನನ್ನ ಮುಖ ನೋಡಿದಳು. ಹಾಕು, ಉಣ್ಣಲಿ ಎಂಬ ಮಾತು ನನ್ನ ತುಟಿಯವರೆಗೂ ಬಂದಿತ್ತು. ಔರಾದದ ಅತ್ತೆಯ ಸಂಕಟ ನನಗೆ ಅರ್ಥವಾದದ್ದು ಆಗಲೇ.

"ಸಾಕು" ಅಂದೆ.

"ಏನಕ್ಕ, ನೀನೂ ಸುರು ಮಾಡಿದೇನು?" ಅಂದ. ನಾನು ನಗಲಿಲ್ಲ. ಅವನು ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

ಕಿಡ್ನಿ ಕೊಡುವಾಗ ನನಗೆ ನೋವಾಗದಿರಲೆಂದು ಅರಿವಳಿಕೆ ಕೊಟ್ಟಿದ್ದರು. ಈ "ಸಾಕು" ಅನ್ನುವುದಕ್ಕೆ ಯಾರೂ ಏನೂ ಕೊಟ್ಟಿರಲಿಲ್ಲ.