ಹುಲ್ಲಿಲ್ಲದ ರಾಶಿ

ನಮ್ಮ ಮನೆಯಲ್ಲಿ ಹೆಂಡತಿ ಮಾಡಿದ ಒಂದು ಕಟ್ಟಳೆಯಿತ್ತು: ಒಂದು ಹೊಲ ಮಾರುವುದಕ್ಕೆ, ಒಂದು ಹೊಲ ಉಣ್ಣುವುದಕ್ಕೆ. ಮನೆ ಹಿಂದಿನ ಹೊಲದಲ್ಲಿ ಹೊಗೆಸೊಪ್ಪೋ ಶುಂಠಿಯೋ ಏನು ಬೇಕಾದರೂ ಹಾಕಿ ನಾನು ಅದೃಷ್ಟ ನೋಡಿಕೊಳ್ಳಬಹುದು. ಕೋಟೆ ರಸ್ತೆಯ ಹೊಲ ಮಾತ್ರ ರಾಗಿಗೆ ಮೀಸಲು. ಪೇಟೆಯಲ್ಲಿ ಬೆಲೆ ಬಿದ್ದರೂ ಮನೆಯಲ್ಲಿ ಮುದ್ದೆ ಬೇಯುತ್ತದೆ, ಎರಡು ಹಸುಗಳಿಗೆ ಬೇಸಿಗೆ ದಾಟುವಷ್ಟು ಹುಲ್ಲಾಗುತ್ತದೆ, ಡೇರಿಗೆ ಹಾಕುವ ಹಾಲಿನಿಂದ ಸಂಸಾರ ನಡೆಯುತ್ತದೆ ಎನ್ನುವುದು ಅವಳ ಲೆಕ್ಕ. ಹೈಸ್ಕೂಲು ಓದಿದ ನನಗೆ ಅದು ಹಳೇ ಕಾಲದ ಲೆಕ್ಕ ಎನಿಸುತ್ತಿತ್ತು. ಈಗ ಈ ವಯಸ್ಸಿನಲ್ಲಿ ತಪ್ಪೊಪ್ಪಿಕೊಳ್ಳಲು ಕೂತಿದ್ದೇನೆ. ಬರೆಯುವಾಗ ನಗು ಬರುತ್ತಿರುವುದಕ್ಕೆ ಕ್ಷಮೆಯಿರಲಿ.

ಕೆಲವು ವರ್ಷಗಳ ಹಿಂದೆ ಶುಂಠಿಗೆ ಯಾರೂ ಕಂಡು ಕೇಳದ ಬೆಲೆ ಬಂತು. ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಯಾವ ಟೀ ಅಂಗಡಿಯಲ್ಲಿ ಕೂತರೂ ಅದೇ ಮಾತು. ನಮ್ಮ ಬೀದಿಯಲ್ಲೇ ಒಬ್ಬರು ಹೊಸ ಟ್ರ್ಯಾಕ್ಟರ್ ತಂದು ಹಾರ ಹಾಕಿ ನಿಲ್ಲಿಸಿದರು. ನನಗೆ ರಾತ್ರಿಯ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಮರುವರ್ಷ ಹೆಂಡತಿಗೆ ಮಂಡಿನೋವು ಹೆಚ್ಚಾಗಿ ದೂರದ ಹೊಲಕ್ಕೆ ನಡೆಯುವುದು ನಿಂತಿತ್ತು. ಅದೇ ಸಮಯ ನೋಡಿ ರಾಗಿಯ ಹೊಲಕ್ಕೂ ಶುಂಠಿ ಊರಿಸಿಬಿಟ್ಟೆ.

ಸಂಜೆ ಮನೆಗೆ ಬಂದರೆ ಕೇಳುವಳು: "ರಾಗಿ ಯಂಗದೆ?"

"ಮೊಣಕಾಲುದ್ದ ಬಂದದೆ ಕಣೆ."

"ತೆನೆ?"

"ಮಡಿಚಿದ ಕೈಯಂಗೆ."

ಹೀಗೆ ಇಡೀ ಮಳೆಗಾಲ ಬಾಯಲ್ಲೇ ರಾಗಿ ಬೆಳೆದೆ. ಊರಿಗೆಲ್ಲ ಗೊತ್ತಿತ್ತು. ಗಂಡ ಹೆಂಡಿರ ನಡುವೆ ಯಾಕೆ ಎಂದು ಯಾರೂ ಬಾಯಿ ಬಿಡಲಿಲ್ಲ.

ಶುಂಠಿ ಕೀಳುವ ಹೊತ್ತಿಗೆ ಬೆಲೆ ಬಿತ್ತು. ಕೀಳುವ ಕೂಲಿ ಕೊಟ್ಟರೆ ಬಿತ್ತನೆಯ ದುಡ್ಡೂ ಹುಟ್ಟುವಂತಿರಲಿಲ್ಲ. ಆದರೆ ಶುಂಠಿಯನ್ನು ಕೀಳದೆ ನೆಲದಲ್ಲೇ ಬಿಟ್ಟು ಮುಂದಿನ ವರ್ಷದ ಬೆಲೆಗೆ ಕಾಯಬಹುದು. ಬಿಟ್ಟೆ. ನನ್ನ ದುಡ್ಡೂ ನನ್ನ ಸುಳ್ಳೂ ಒಟ್ಟಿಗೆ ಮಣ್ಣೊಳಗೆ ಮಲಗಿದ್ದವು.

ಸಂಕ್ರಾಂತಿ ಕಳೆದ ಮೇಲೆ ಅವಳು ಎದ್ದು ಓಡಾಡತೊಡಗಿದಳು. "ಈ ಸಲ ರಾಶಿ ಪೂಜೆಗೆ ನಾನೇ ಬತ್ತೀನಿ" ಎಂದಳು. ಕಣದಲ್ಲಿ ಕಾಳು ರಾಶಿ ಮಾಡಿ, ಸಗಣಿಯ ಪಿಳ್ಳಾರಿ ಗಣಪನಿಗೆ ಗರಿಕೆ ಸಿಕ್ಕಿಸಿ ರಾಶಿಯ ನೆತ್ತಿಯ ಮೇಲಿಟ್ಟು, ಕೈಮುಗಿದು ಅಳೆಯುವುದು ನಮ್ಮ ಪದ್ಧತಿ. ಮದುವೆಯಾದಾಗಿನಿಂದ ಅವಳು ಆ ಪೂಜೆ ತಪ್ಪಿಸಿದವಳಲ್ಲ. ನಾನು ಹುಣಸೂರಿನ ಸಂತೆಗೆ ಓಡಿ, ರಾಗಿ ಮೂಟೆಗಳನ್ನು ಕೊಂಡು, ಊರ ಮುಂದಿನ ಕಣಕ್ಕೆ ಸುರಿಸಿ, ಬಹಳ ಚೆಂದದ ಒಂದು ರಾಶಿ ಮಾಡಿದೆ. ಹೊಲಕ್ಕೆ ಹೋಗುವ ಮಾತೇ ಬರದಂತೆ ಎಲ್ಲ ಯೋಚಿಸಿದ್ದೆ.

ಅವಳು ಬಂದು ಊದುಬತ್ತಿ ಹಚ್ಚಿ ಕಾಯಿ ಒಡೆದಳು. ನಾನು ಮೊರ ಹಿಡಿದು ಮೊದಲ ಅಳತೆ ತುಂಬಿದೆ. ರಾಶಿ ಅಳೆಯುವಾಗ ನಾವು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. "ಲಾಭ" ಎಂದು ಗಟ್ಟಿಯಾಗಿ ಕೂಗಿದೆ. ಅವಳು ಕಣದ ಸುತ್ತ ನೋಡುತ್ತಿದ್ದಳು.

"ರಾಗಿ ಅದೆ. ಉಲ್ಲೆಲ್ಲಿ ಕಣ್ರೀ?"

ಎಲ್ಲ ಯೋಚಿಸಿದ್ದವನು ಹುಲ್ಲನ್ನು ಮರೆತಿದ್ದೆ. ಒಂದು ಎಳೆ ಹುಲ್ಲೂ ಇರಲಿಲ್ಲ.

"ಮಿಷನ್ನಲ್ಲಿ ಒಡಿಸ್ದೆ."

"ಮಿಷನ್ನು ಕಾಳು ಬುಟ್ಟು ಉಲ್ಲು ತಿಂತದಾ?"

ಪಕ್ಕದ ಕಣದಲ್ಲಿ ಹುರುಳಿ ಬಡಿಯುತ್ತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನಾನು ಎಲ್ಲವನ್ನೂ ಹೇಳಿದೆ. ಅವಳು ಮೊದಲು ರಾಶಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಆಮೇಲೆ ಕಣದಲ್ಲೇ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಂಗಡಿ ರಾಗಿಗೆ ಕಾಯಿ ಒಡಿಸ್ದ್ರಲ್ಲಾ!" ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು: "ಬೇಸ್ಗೇಲಿ ಅಸಗೋಳ ಮಾರ್ಬೇಕಾ ಅಂಗಾರೆ?"

ಆ ಪ್ರಶ್ನೆ ಇವತ್ತಿಗೂ ಚುಚ್ಚುತ್ತದೆ. ಇಷ್ಟೆಲ್ಲ ನಾಟಕ ಕಟ್ಟಿದವನಿಗೆ ಆ ಎರಡು ಮೂಕಪ್ರಾಣಿಗಳ ನೆನಪೇ ಆಗಿರಲಿಲ್ಲ. ಶುಂಠಿ ಮಣ್ಣಲ್ಲಿ, ಕೈಲಿದ್ದದ್ದು ಸಂತೆಯ ರಾಗಿಗೆ ಹೋಗಿತ್ತು. ಹಸುಗಳೂ ಹೋದರೆ ಮನೆಗೆ ಬೇರೆ ಆಧಾರವಿರಲಿಲ್ಲ.

"ಮಾರ್ಬೇಡ" ಎಂದೆ.

"ಅಂಗಾರೆ ಮಿರ್ಲೆಗೆ ಓಗಿ. ನನ್ ತಮ್ಮನ್ನ ಉಲ್ಲು ಕೇಳಿ. ಯಾಕೆ ಬೇಕು ಅಂತ ನಿಮ್ ಬಾಯಲ್ಲೇ ಯೋಳ್ಬೇಕು."

ಬಾಮೈದನಿಗೆ ನಾಲೆ ನೀರಿನ ಗದ್ದೆ, ಭತ್ತದ ಹುಲ್ಲಿಗೆ ಬರವಿಲ್ಲ. ನನ್ನ ಕಥೆಯನ್ನು ಒಂದು ಸಲ ಕೇಳಿ, ತನ್ನ ಹೆಂಡತಿಯನ್ನು ಕರೆದು ಇನ್ನೊಂದು ಸಲ ಹೇಳಿಸಿದ. ಆಮೇಲೆ ಪಕ್ಕದ ಮನೆಯವರನ್ನೂ ಕರೆದ.

"ಭಾವ, ಉಲ್ಲು ಯಾಕೆ? ಅಸಕ್ಕೆ ಶುಂಠಿನೇ ಆಕಿ. ಕರೆದ್ರೆ ಸೀದಾ ಶುಂಠಿ ಕಾಫಿ ಬತ್ತದೆ!"

"ನಗು ಕಣಪ್ಪ, ನಗು. ಕೊಡ್ತೀಯಾ?"

"ಕೊಡ್ದೆ ಇರ್ತೀನಾ? ದುಡ್ಡು ಬ್ಯಾಡ. ಆದ್ರೆ ನೀವು ಉಲ್ಲಿನ ಮ್ಯಾಲೇ ಕೂತ್ಕಂಡು ಓಗ್ಬೇಕು. ದಾರೀಲಿ ಕೇಳ್ದೋರ್ಗೆಲ್ಲ ನಿಜ ಯೋಳ್ಬೇಕು."

ಟ್ರ್ಯಾಕ್ಟರಿನ ಹೊರೆಯ ಮೇಲೆ ಕೂತು ಚುಂಚನಕಟ್ಟೆ ದಾಟಿ ಬಂದೆ. ಮೈಗೆಲ್ಲ ಹುಲ್ಲು ಚುಚ್ಚುತ್ತಿತ್ತು, ಗಾಳಿಗೆ ಭತ್ತದ ವಾಸನೆ. ಟೀ ಅಂಗಡಿಗಳ ಮುಂದೆ ಗಾಡಿ ನಿಲ್ಲಿಸಲು ಬಾಮೈದ ಡ್ರೈವರಿಗೆ ಮೊದಲೇ ಹೇಳಿಟ್ಟಿದ್ದನಂತೆ. ಪ್ರತಿ ಕಡೆಯಲ್ಲೂ ಹೇಳಿದೆ, ಪ್ರತಿ ಕಡೆಯಲ್ಲೂ ನಕ್ಕರು. ಊರು ಹತ್ತಿರವಾಗುವಷ್ಟರಲ್ಲಿ ನಾನೇ ಕಥೆಗೆ ಸ್ವಲ್ಪ ಉಪ್ಪುಖಾರ ಹಾಕಿ ಹೇಳತೊಡಗಿದ್ದೆ. ಅಷ್ಟು ತಿಂಗಳು ಎದೆಯ ಮೇಲಿದ್ದ ಕಲ್ಲು ಎಲ್ಲಿ ಜಾರಿತೋ ತಿಳಿಯಲಿಲ್ಲ.

ಹಸುಗಳು ಉಳಿದವು. ನೆಲದಲ್ಲಿದ್ದ ಶುಂಠಿ ಮಳೆಗೆ ಅರ್ಧ ಕೊಳೆಯಿತು, ಉಳಿದರ್ಧ ಹೇಗೋ ಬಿತ್ತನೆಯ ಖರ್ಚು ಕೊಟ್ಟಿತು. ಈಗಲೂ ಮನೆ ಹಿಂದಿನ ಹೊಲದಲ್ಲಿ ಅದೃಷ್ಟ ನೋಡುತ್ತೇನೆ. ಕೋಟೆ ರಸ್ತೆಯ ಹೊಲದ ತಂಟೆಗೆ ಹೋಗುವುದಿಲ್ಲ.

ಈ ವರ್ಷವೂ ರಾಶಿ ಪೂಜೆಯಾಯಿತು. ಕಾಯಿ ಒಡೆಯುವ ಮೊದಲು ಅವಳು ನನ್ನ ತೋಳು ಹಿಡಿದು ಹುಲ್ಲಿನ ಮೆದೆಯ ಕಡೆಗೆ ತಿರುಗಿಸಿದಳು. "ಮೊದ್ಲು ಅದ್ಕೆ ಕೈ ಮುಗೀರಿ." ಮುಗಿದೆ. ಆಮೇಲೆ ಅಳತೆ ತುಂಬಿ "ಲಾಭ" ಎಂದೆ.